ಪುಟ ಕ್ಯಾಶ್ ಮತ್ತು ಕೆಲಸ ಮಾಡದ ಗುಂಡಿ

ಪ್ರಶ್ನೆ: ನಮ್ಮ ವರ್ಡ್‌ಪ್ರೆಸ್ ಜಾಲತಾಣದ ಲೇಖನಪಟ್ಟಿಯ ಕೊನೆಯಲ್ಲಿ ‘ಇನ್ನಷ್ಟು ಲೇಖನಗಳು’ ಎಂಬ ಗುಂಡಿಯಿದ್ದು, ಅದನ್ನು ಒತ್ತಿದಾಗ ಮುಂದಿನ ಲೇಖನಗಳು ಅಜಾಕ್ಸ್ (ಪುಟವನ್ನು ಪೂರ್ತಿ ಮತ್ತೆ ತೆರೆಯದೆ ಸರ್ವರ್‌ನಿಂದ ಮಾಹಿತಿ ತರುವ ವಿಧಾನ) ಮೂಲಕ ಅದೇ ಪುಟಕ್ಕೆ ಬಂದು ಸೇರುತ್ತವೆ. ಸರ್ವರ್‌ನಲ್ಲಿ ಪುಟ ಕ್ಯಾಶ್ (ಒಮ್ಮೆ ತಯಾರಾದ ಪುಟದ ಪ್ರತಿಯನ್ನು ಕೂಡಿಟ್ಟು ಮುಂದಿನವರಿಗೂ ಅದನ್ನೇ ಕೊಡುವ ವ್ಯವಸ್ಥೆ) ಆರಂಭಿಸಿದ ಮೇಲೆ ಈ ಗುಂಡಿ ಆಗಾಗ ಕೆಲಸ ಮಾಡುವುದಿಲ್ಲವೆಂದು ಓದುಗರು ದೂರುತ್ತಿದ್ದಾರೆ. ಕ್ಯಾಶ್ ಅಳಿಸಿದ ಕೂಡಲೇ ಸರಿಹೋಗುತ್ತದೆ. ಮರುದಿನ ಮತ್ತೆ ಅದೇ ತೊಂದರೆ. ನಾನು ಲಾಗಿನ್ ಆಗಿ ನೋಡಿದರೆ ದೋಷವೇ ಕಾಣುವುದಿಲ್ಲ. ಕ್ಯಾಶ್ ನಿಲ್ಲಿಸಿಬಿಡಬೇಕೆ?

ಉತ್ತರ: ನಿಲ್ಲಿಸಬೇಕಾಗಿಲ್ಲ. ಅಳಿಸಿದರೆ ಸರಿಹೋಗಿ ಮರುದಿನ ಮರುಕಳಿಸುವ ದೋಷವೆಂದರೆ, ಪುಟದೊಳಗೆ ಅವಧಿ ಮುಗಿಯುವಂಥದ್ದೇನೋ ಸೇರಿಕೊಂಡಿದೆ ಎಂದೇ ಮೊದಲು ಶಂಕಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಅದು ಬಹುಮಟ್ಟಿಗೆ ‘ನಾನ್ಸ್’ ಎಂಬ, ಕೋರಿಕೆ ತಾಣದ ಪುಟದಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ಬಳಸುವ ಭದ್ರತಾ ಸಂಕೇತವಾಗಿರುತ್ತದೆ. ಲಾಗಿನ್ ಆದವರಿಗೆ ಕ್ಯಾಶ್ ಪ್ಲಗಿನ್‌ಗಳು ಸಾಮಾನ್ಯವಾಗಿ ಹೊಸದಾಗಿ ತಯಾರಾದ ಪುಟವನ್ನೇ ಕೊಡುವುದರಿಂದ, ತಾಣದ ಒಡೆಯರ ಕಣ್ಣಿಗೆ ಮಾತ್ರ ಈ ದೋಷ ಬೀಳುವುದಿಲ್ಲ.

ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಪುಟ ತೆರೆದು, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗವನ್ನು ನೋಡುತ್ತ ಗುಂಡಿ ಒತ್ತಿರಿ. ಉತ್ತರವಾಗಿ 403 ಎಂಬ ಸ್ಥಿತಿಸಂಖ್ಯೆಯೂ ಬರಿಯ ‘-1’ ಎಂಬ ಪಠ್ಯವೂ ಬಂದರೆ ನಾನ್ಸ್ ತಿರಸ್ಕೃತವಾಗಿದೆ ಎಂದೇ ತಿಳಿಯಬಹುದು. 404 ಬಂದರೆ ಕಾರಣ ಬೇರೆ: ಹಳೆಯ ಪ್ರತಿಯು ಈಗ ಸರ್ವರ್‌ನಲ್ಲಿಲ್ಲದ ಫೈಲನ್ನು ಕೇಳುತ್ತಿರಬಹುದು. ಹಲವು ಪ್ಲಗಿನ್‌ಗಳು ಪ್ರತಿ ತಯಾರಾದ ಸಮಯವನ್ನು ಪುಟದ ಮೂಲದ ಕೊನೆಯಲ್ಲಿ ಟಿಪ್ಪಣಿಯಾಗಿ ಬರೆದಿಡುವುದರಿಂದ, ಪುಟಕ್ಕೆ ಎಷ್ಟು ವಯಸ್ಸಾಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ನಾನ್ಸ್‌ನ ಆಯುಷ್ಯ 24 ಗಂಟೆ ಎಂದು ಹೇಳುವುದು ವಾಡಿಕೆಯಾದರೂ, ಅದನ್ನು 12 ಗಂಟೆಗಳ ಎರಡು ಅವಧಿಗಳಾಗಿ ಎಣಿಸುವುದರಿಂದ, ಅವಧಿಯೊಂದರ ಕೊನೆಯಲ್ಲಿ ಹುಟ್ಟಿದ ಸಂಕೇತವು 12 ಗಂಟೆ ದಾಟಿದೊಡನೆಯೇ ನಿರುಪಯುಕ್ತವಾಗಬಹುದು. ಒಮ್ಮೆ ಬೇಗ, ಒಮ್ಮೆ ತಡವಾಗಿ ದೋಷ ಕಾಣಿಸಿಕೊಳ್ಳುವುದು ಇದರಿಂದಲೇ. ಆದ್ದರಿಂದ ಕ್ಯಾಶ್‌ನ ಅವಧಿಯನ್ನು 10 ಗಂಟೆಗೆ ಇಳಿಸುವುದು ಅತ್ಯಂತ ಸುಲಭದ ಪರಿಹಾರ.

ಆದರೆ ನಿಮ್ಮ ಸಂದರ್ಭದಲ್ಲಿ ನಾನ್ಸ್ ಬೇಕೇ ಎಂದು ಮೊದಲು ಕೇಳಿಕೊಳ್ಳುವುದು ಮೇಲು. ಲಾಗಿನ್ ಆಗದ ಎಲ್ಲರ ಬಳಕೆದಾರ ಸಂಖ್ಯೆಯೂ ಸೊನ್ನೆಯೇ ಆಗಿರುವುದರಿಂದ, ಪ್ಲಗಿನ್‌ಗಳು ಬದಲಿಸದ ಹೊರತು, ಅವರೆಲ್ಲರಿಗೂ ಒಂದೇ ನಾನ್ಸ್ ಸಿಗುತ್ತದೆ. ಎಲ್ಲರಿಗೂ ತೆರೆದಿರುವ ಲೇಖನಗಳನ್ನು ಓದಿ ಕೊಡುವಷ್ಟೇ ಕೆಲಸಕ್ಕೆ ಅಂಥ ಕಾವಲಿನಿಂದ ಪ್ರಯೋಜನವಿಲ್ಲ. ಆ ಕೋರಿಕೆಯಲ್ಲಿ ನಾನ್ಸ್ ಪರೀಕ್ಷೆಯನ್ನು ತೆಗೆದುಹಾಕಿ, ಪುಟಸಂಖ್ಯೆ ಪೂರ್ಣಾಂಕವೇ ಎಂಬುದನ್ನೂ ಪ್ರಕಟಿತ ಲೇಖನಗಳಷ್ಟೇ ಹೊರಹೋಗುತ್ತಿವೆಯೇ ಎಂಬುದನ್ನೂ ಸರ್ವರ್‌ನಲ್ಲಿ ಖಚಿತಪಡಿಸಿಕೊಳ್ಳಿ. ದತ್ತಾಂಶವನ್ನು ಬದಲಿಸುವ ಕೋರಿಕೆಗಳಲ್ಲಿ ಮಾತ್ರ ಪರೀಕ್ಷೆಯನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಅಲ್ಲಿ ನಾನ್ಸ್ ಅನ್ನು ಪುಟದಲ್ಲಿ ಅಚ್ಚೊತ್ತುವ ಬದಲು, ಕ್ಯಾಶ್‌ನಿಂದ ಹೊರಗಿಟ್ಟ ಪ್ರತ್ಯೇಕ ವಿಳಾಸದಿಂದ, ‘ನೋ-ಸ್ಟೋರ್’ (ಉತ್ತರವನ್ನು ಎಲ್ಲಿಯೂ ಕೂಡಿಡಬಾರದೆಂಬ) ಸೂಚನೆಯೊಂದಿಗೆ, ಬೇಕಾದಾಗಲೆಲ್ಲ ಹೊಸದಾಗಿ ತರಿಸಿಕೊಳ್ಳಬೇಕು.

ತಾಣದ ಮುಂದೆ ಸಿಡಿಎನ್ (ತಾಣದ ಪ್ರತಿಗಳನ್ನು ಓದುಗರಿಗೆ ಹತ್ತಿರದ ಸರ್ವರ್‌ಗಳಿಂದ ಕೊಡುವ ಜಾಲ) ಕೂಡ ಇದ್ದು ಅದು ಪುಟಗಳನ್ನು ಕೂಡಿಡುತ್ತಿದ್ದರೆ ಎರಡೂ ಅವಧಿಗಳನ್ನು ಕೂಡಿಸಿ ಲೆಕ್ಕ ಹಾಕಿ. ಸರ್ವರ್‌ನಲ್ಲಿ 9 ಗಂಟೆ ಕಳೆದ ಪ್ರತಿಯನ್ನೂ ಸಿಡಿಎನ್ ಹೊಸದೆಂದೇ ಭಾವಿಸಿ ಮತ್ತೆ ತನ್ನ ಅವಧಿಯಷ್ಟು ಇಟ್ಟುಕೊಳ್ಳಬಹುದು.