ಮನೆ ನಿಪ್ಪಾಣಿಯಲ್ಲಿ, ಪೆಟ್ಟಾಗಿದ್ದು ಕಾಗಲ್‌ನಲ್ಲಿ: ಕೇಸು ಎಲ್ಲಿ?

ಗಡಿ ದಾಟಿ ಕೆಲಸಕ್ಕೆ ಹೋಗಿ ಪೆಟ್ಟಾದ ನಿಮ್ಮ ಪರಿಚಯದ ಹುಡುಗ ಪರಿಹಾರದ ಕೇಸನ್ನು ಯಾವ ರಾಜ್ಯದಲ್ಲಿ ಹಾಕಬೇಕು ಅಂತ ಕೇಳಿದ್ದು ಒಳ್ಳೆಯದಾಯ್ತು ಸರ್. ಮೈಸೂರಿನಿಂದ ನೋಡಿದರೆ ರಾಜ್ಯದ ಗಡಿ ದೊಡ್ಡ ವಿಷಯ ಅನ್ನಿಸಬಹುದು. ನಿಪ್ಪಾಣಿಯವರಾದ ನಮಗೆ ಅದು ಕೊಗನೊಳ್ಳಿ ಟೋಲ್ ನಾಕಾ, ಅಷ್ಟೇ. ಬೆಳಿಗ್ಗೆ ನಿಪ್ಪಾಣಿ ಬಸ್ ಸ್ಟ್ಯಾಂಡಿಗೆ ಬಂದರೆ ಊಟದ ಡಬ್ಬಿ ಹಿಡಿದ ಹುಡುಗರು ಸಾಲಾಗಿ ನಿಂತಿರುತ್ತಾರೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಕಾಗಲ್, ಗೋಕುಳ ಶಿರಗಾಂವ್ ಕಡೆಯ ಫೌಂಡ್ರಿ (ಲೋಹ ಎರಕ ಹೊಯ್ಯುವ ಕಾರ್ಖಾನೆ), ಪ್ರೆಸ್ ಶಾಪು (ಮಷಿನ್‌ನಲ್ಲಿ ಲೋಹದ ತಗಡು ಒತ್ತುವ ಜಾಗ) ಇಂಥಲ್ಲಿಗೆ ಹೋಗುವವರು. ರಾತ್ರಿ ಊಟಕ್ಕೆ ವಾಪಸ್ ಮನೆ. ರೇಷನ್ ಕಾರ್ಡು ಕರ್ನಾಟಕದ್ದು, ಪಗಾರ ಮಹಾರಾಷ್ಟ್ರದ್ದು.

ಗಡಿ ನೆನಪಾಗುವುದು ಕೈಗೆ ಪೆಟ್ಟಾದ ದಿನ.

ನನ್ನ ತಮ್ಮನಿಗೆ ಆಗ 30 ವರ್ಷ. ಆರೇಳು ಜನ ಕೆಲಸ ಮಾಡುವ ಸಣ್ಣ ಶಾಪು. ತಗಡು ಒತ್ತುವ ಪವರ್ ಪ್ರೆಸ್ಸಿಗೆ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡೇ ಇರಲಿಲ್ಲ. ಬಲಗೈಯ ಎರಡು ಬೆರಳು ಹೋದವು. ನಾಲ್ಕನೇ ದಿನ ಮಾಲಕರ ಕಡೆಯವರು ಮನೆಗೆ ಬಂದು 30,000 ರೂಪಾಯಿ ಕೊಟ್ಟರು. ಜೊತೆಗೆ ಮರಾಠಿಯಲ್ಲಿ ಬರೆದ ಒಂದು ಸ್ಟಾಂಪ್ ಪೇಪರ್. ಬಲಗೈಗೆ ಬ್ಯಾಂಡೇಜ್ ಇತ್ತಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. 'ಇನ್ನು ಮುಂದೆ ಏನೂ ಕೇಳುವುದಿಲ್ಲ' ಅಂತ ಅದರಲ್ಲಿತ್ತು. ಸಂಜೆ ಅವ್ವ ರೊಟ್ಟಿ ಮುರಿದು ಅವನ ಬಾಯಿಗೆ ಇಡುತ್ತಿದ್ದಳು. "ಅಣ್ಣಾ, ಹೆಬ್ಬೆಟ್ಟು ಒತ್ತೀನಿ, ಇನ್ನ ಮುಗೀತಲ್ಲ?" ಅಂದ.

ಮುಗಿದಿರಲಿಲ್ಲ ಸರ್. ಇದನ್ನೇ ನಮ್ಮ ಕಡೆ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಪರಿಹಾರದ ಹಕ್ಕು ಬಿಟ್ಟುಕೊಡುವಂತೆ ಬರೆಸಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲೇ ಇದು ಸ್ಪಷ್ಟವಾಗಿತ್ತು. ಇನ್ನೊಂದು ಮಾತನ್ನು ಗಡಿಯ ಜನ ಬಾಯಿಪಾಠ ಮಾಡಬೇಕು. ಕೇಸನ್ನು ಅಪಘಾತ ಆದ ಜಾಗದಲ್ಲಿ ಹಾಕಬಹುದು, ಮಾಲಕರ ನೋಂದಾಯಿತ ಆಫೀಸು ಇರುವಲ್ಲಿ ಹಾಕಬಹುದು, ಪೆಟ್ಟಾದವನು ವಾಸ ಇರುವ ಊರಿನ ಕಡೆಯೂ ಹಾಕಬಹುದು. ಕೊಲ್ಹಾಪುರಕ್ಕೆ ಅಲೆಯಲೇಬೇಕು ಅಂತಿಲ್ಲ. ತಮ್ಮನ ಕೇಸನ್ನು ನಮ್ಮ ಕಡೆಯೇ ಹಾಕಿದೆವು, ಸೀನಿಯರ್ ಸಿವಿಲ್ ಜಡ್ಜ್ ಅವರೇ ಪರಿಹಾರದ ಕಮಿಷನರ್ ಆಗಿ ಕೇಳಿದರು. ಆ ಕಡೆಯ ಕಮಿಷನರಿಗೆ ಮತ್ತು ಆ ರಾಜ್ಯದ ಸರ್ಕಾರಕ್ಕೆ ಇಲ್ಲಿಂದ ನೋಟಿಸ್ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಮಾಲಕರ ವಕೀಲರು 'ಅಪಘಾತ ಮಹಾರಾಷ್ಟ್ರದಲ್ಲಿ' ಅಂತ ವಾದ ಮಾಡಿದರು, ನಿಲ್ಲಲಿಲ್ಲ.

ಲೆಕ್ಕ ಹೀಗೆ. ತಮ್ಮನ ತಿಂಗಳ ಪಗಾರ 14,000. ಅದರ 60 ಪರ್ಸೆಂಟ್ ಅಂದರೆ 8,400. ಕಾಯ್ದೆಯ ಪಟ್ಟಿಯಲ್ಲಿ ಒಂದೊಂದು ವಯಸ್ಸಿಗೆ ಒಂದೊಂದು ಅಂಕಿ ಇದೆ, 30ಕ್ಕೆ 207.98. ಎರಡನ್ನೂ ಗುಣಿಸಿದರೆ 17,47,032. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ 20 ಪರ್ಸೆಂಟ್ ಕಡಿಮೆಯಾಯಿತು ಅಂತ ಲೆಕ್ಕ. ಅಂದರೆ ಸುಮಾರು 3,49,400 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. 30,000 ಎಲ್ಲಿ, ಇದು ಎಲ್ಲಿ! ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಅರ್ಧದಷ್ಟರವರೆಗೆ ದಂಡವೂ ಬೀಳಬಹುದು.

ಕಷ್ಟವಾಗಿದ್ದು ಅವನು ಅಲ್ಲಿ ಕೆಲಸಕ್ಕಿದ್ದ ಅಂತ ತೋರಿಸುವುದು. ಹಾಜರಿ ಕಾರ್ಡು ಕೊಟ್ಟಿರಲಿಲ್ಲ. ಫೋನ್‌ಪೇಯಲ್ಲಿ ಬಂದ ಪಗಾರ, ಸೂಪರ್‌ವೈಸರ್ ಕಳಿಸಿದ 'ನಾಳೆ ಸೆಕೆಂಡ್ ಶಿಫ್ಟ್' ಅನ್ನುವ ವಾಟ್ಸಾಪ್ ಮೆಸೇಜು, ತಿಂಗಳ ಬಸ್ ಪಾಸು, ಇವೇ ಕೈ ಹಿಡಿದವು. ಆಸ್ಪತ್ರೆಯ ಮರಾಠಿ ಕಾಗದಗಳನ್ನು ಒಂದೊಂದಾಗಿ ಕನ್ನಡಕ್ಕೆ ಮಾಡಿಸಿದೆವು.

ದೊಡ್ಡ ಕಾರ್ಖಾನೆ ಆದರೆ ದಾರಿ ಬೇರೆ. ಹತ್ತು ಅಥವಾ ಜಾಸ್ತಿ ಜನ ಇದ್ದು, ಪಗಾರ 21,000 ದಾಟದಿದ್ದರೆ ಸಾಮಾನ್ಯವಾಗಿ ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮೆ, ಇರುತ್ತದೆ. ಆಗ ಕೇಳಬೇಕಾದದ್ದು ಇಎಸ್‌ಐನಲ್ಲೇ, ಎರಡೂ ಕಡೆ ಸಿಗುವುದಿಲ್ಲ. 'ನೀನು ಕಾಂಟ್ರ್ಯಾಕ್ಟರ್ ಕಡೆಯವನು, ನಮಗೆ ಸಂಬಂಧ ಇಲ್ಲ' ಅಂತ ಗೇಟಿನಲ್ಲಿ ಹೇಳಿದರೆ ನಂಬಬೇಡಿ. ಕಾರ್ಖಾನೆಯ ಮಾಮೂಲಿ ಕೆಲಸವನ್ನೇ ಕಾಂಟ್ರ್ಯಾಕ್ಟರ್ ಮೂಲಕ ಮಾಡಿಸುತ್ತಿದ್ದರೆ ಕಾರ್ಖಾನೆಯವರೂ ಹೊಣೆ.

2025ರ ನವೆಂಬರ್ 21ರಿಂದ ಈ 1923ರ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಅನ್ನುವ ಹೊಸ ಕಾನೂನು ಬಂದಿದೆ. ವಾಸದ ಊರಲ್ಲಿ ಕೇಸು ಹಾಕುವ ಅವಕಾಶ ಅದರಲ್ಲೂ ಇದೆ. ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇನ್ನೊಂದು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ಕಂಡುಬಂದರೆ ಅದನ್ನೂ ಕೆಲಸದಲ್ಲಿ ಆದದ್ದೇ ಅಂತ ಹಿಡಿಯುತ್ತಾರೆ. ರಾತ್ರಿ ಶಿಫ್ಟ್ ಮುಗಿಸಿ ಹೈವೇಯಲ್ಲಿ ಬೈಕಿನ ಮೇಲೆ ಬರುವ ನಮ್ಮ ಹುಡುಗರಿಗೆ ಇದು ಎಷ್ಟು ದೊಡ್ಡದು ಗೊತ್ತಾ?

ನಿಪ್ಪಾಣಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯರಿಗೂ ಹೇಳುತ್ತೇನೆ. ಇಎಸ್‌ಐ ಇಲ್ಲದಿದ್ದರೆ ನೌಕರರ ಪರಿಹಾರದ ವಿಮೆ ಮಾಡಿಸಿ. ನಾಲ್ಕು ಮಷಿನ್ ಇಟ್ಟವರಿಗೆ ಮೂರೂವರೆ ಲಕ್ಷ ಒಮ್ಮೆಲೇ ಕೊಡುವುದು ಸುಲಭ ಅಲ್ಲ, ನನಗೂ ಗೊತ್ತು. ಗಾರ್ಡ್ ಕೂರಿಸಲು ಅದರ ಒಂದು ಚೂರೂ ಬೇಡ.

ನಿಮ್ಮ ಪರಿಚಯದ ಹುಡುಗನಿಗೆ ಪೆಟ್ಟಾಗಿ ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ಕ್ಲೇಮ್ ಹಾಕಲು ಎರಡು ವರ್ಷದ ಗಡುವಿದೆ, ಇವತ್ತೇ ತಾರೀಖು ಕೇಳಿ. ಹೆಬ್ಬೆಟ್ಟು ಒತ್ತಿದ್ದಾನೋ ಇಲ್ಲವೋ ಅಂತ ಹೆದರುವುದು ಬೇಡ. ಮರಾಠಿ ಕಾಗದ ಏನಾದರೂ ಇದ್ದರೆ ಫೋಟೋ ಹೊಡೆದು ನನಗೆ ಕಳಿಸಲಿ. ನಾನು ಕೂತು ಓದಿ ಕನ್ನಡದಲ್ಲಿ ಬರೆದು ಕೊಡುತ್ತೇನೆ.