ನಲವತ್ತು ನಿಮಿಷಕ್ಕೆ ಒಂದು ದಿನದ ಬಾಡಿಗೆ

ಪ್ರಶ್ನೆ: ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ನಾವು ಐದು ಜನ ಧರ್ಮಸ್ಥಳ, ಕುಕ್ಕೆಗೆ ಹೋಗಿಬಂದೆವು. ಶುಕ್ರವಾರ ರಾತ್ರಿ 10ಕ್ಕೆ ಹೊರಟು ಭಾನುವಾರ ತಡರಾತ್ರಿ ಮನೆ ಸೇರಿದೆವು. ಕಿಲೋಮೀಟರಿಗೆ 15 ರೂಪಾಯಿ ಹೇಳಿದ್ದನ್ನು ಚೌಕಾಸಿ ಮಾಡಿ 14ಕ್ಕೆ ಇಳಿಸಿದ್ದೆವು. ಗಾಡಿ ಓಡಿದ್ದು 668 ಕಿ.ಮೀ. ಬಿಲ್ ಬಂದದ್ದು 18,400 ರೂಪಾಯಿ, ಟೋಲ್ ಬೇರೆ! ನಾವು ಮೋಸ ಹೋದೆವಾ? ಟ್ರಿಪ್ ಶೀಟಿನ ಫೋಟೊ ಕಳಿಸಿದ್ದೇನೆ.
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಮೋಸ ಅಲ್ಲ. ಹಾಸನದ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ ನಾನೂ ಈ ಲೆಕ್ಕದಲ್ಲೇ ಉಂಡವನು. ಅದಕ್ಕೇ ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತೇನೆ, ಕೇಳಿ.

ನಿಮ್ಮ ಶೀಟಿನಲ್ಲಿ ಗಾಡಿ ಬಿಟ್ಟ ಹೊತ್ತು 12.40 ಅಂತಿದೆ. ಅಂದರೆ ಆಗಲೇ ಸೋಮವಾರ. ಊರಾಚೆ ಬಾಡಿಗೆಯಲ್ಲಿ ಎಷ್ಟೋ ಕಡೆ ದಿನ ಅಂದರೆ ಕ್ಯಾಲೆಂಡರಿನ ದಿನ, ರಾತ್ರಿ ಹನ್ನೆರಡರಿಂದ ಹನ್ನೆರಡಕ್ಕೆ. ಶುಕ್ರವಾರದ ಎರಡು ಗಂಟೆಗೆ ಒಂದು ದಿನ, ಶನಿವಾರ, ಭಾನುವಾರ, ಆಮೇಲೆ ಸೋಮವಾರದ ನಲವತ್ತು ನಿಮಿಷಕ್ಕೆ ಇನ್ನೊಂದು ದಿನ. ದಿನಕ್ಕೆ ಮಿನಿಮಮ್ 300 ಕಿ.ಮೀ., ಅಂದರೆ ಕಮ್ಮಿ ಓಡಿದರೂ ಅಷ್ಟರ ದುಡ್ಡು ಅಂತ ನೀವು ಒಪ್ಪಿದ್ದೀರಿ, ಶೀಟಿನ ಕೆಳಗೇ ಸಣ್ಣಕ್ಷರದಲ್ಲಿದೆ. ನಾಲ್ಕು ದಿನಕ್ಕೆ 1,200 ಕಿ.ಮೀ., 14ರಂತೆ 16,800. ಡ್ರೈವರ್ ಬಾಟಾ, ಅಂದರೆ ಭತ್ಯೆ, ದಿನಕ್ಕೆ 400, ಒಟ್ಟು 1,600. ಲೆಕ್ಕ ಸರಿಯಾಗಿದೆ. ರಾತ್ರಿ ಬಾಟಾ ಅಂತ ಬೇರೆ ಹಾಕಿಲ್ಲ, ಪುಣ್ಯಾತ್ಮ.

ಅದೇ ಗಾಡಿಯಲ್ಲಿ ಶನಿವಾರ ಬೆಳಗಿನ ಜಾವ 4ಕ್ಕೆ ಹೊರಟಿದ್ದರೆ ಹೇಗಿರುತ್ತಿತ್ತು ನೋಡಿ. ಬೆಂಗಳೂರಿಂದ ಧರ್ಮಸ್ಥಳ ಹತ್ತಿರ ಹತ್ತಿರ 300 ಕಿ.ಮೀ. ಹಾಸನದಲ್ಲಿ ತಿಂಡಿ ಮಾಡಿಕೊಂಡರೂ ಹನ್ನೊಂದರೊಳಗೆ ಅಲ್ಲಿರುತ್ತೀರಿ. ದರ್ಶನ, ಊಟ ಮುಗಿಸಿ ಸಂಜೆಗೆ ಕುಕ್ಕೆ, ಅದು ಅಲ್ಲಿಂದ 55 ಕಿ.ಮೀ. ಅಷ್ಟೆ. ರಾತ್ರಿ ಅಲ್ಲೇ ತಂಗಿ ಭಾನುವಾರ ಬೆಳಿಗ್ಗೆ ಪೂಜೆ ಮಾಡಿಸಿಕೊಂಡು ಮಧ್ಯಾಹ್ನ ಊಟವಾದ ಮೇಲೆ ಹೊರಟರೆ ರಾತ್ರಿ ಒಂಬತ್ತು, ಹತ್ತರೊಳಗೆ ಮನೆ. ಎರಡೇ ದಿನ. ಮಿನಿಮಮ್ 600, ಓಡಿದ್ದು 668, ಹಾಗಾಗಿ ಓಡಿದ್ದಕ್ಕಷ್ಟೇ ದುಡ್ಡು: 9,352. ಬಾಟಾ 800. ಒಟ್ಟು 10,152. ಒಂದು ರೂಪಾಯಿ ಚೌಕಾಸಿ ಮಾಡಿ 1,200 ಉಳಿಸಿದಿರಿ, 8,248 ರೂಪಾಯಿ ಗಡಿಯಾರಕ್ಕೆ ಕೊಟ್ಟಿರಿ. (ಸರ್ಪಸಂಸ್ಕಾರಕ್ಕೆ ಹೋದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಆ ಪೂಜೆಗೇ ಎರಡು ದಿನ ಬೇಕು.)

ಅದಕ್ಕೇ ಫೋನಿನಲ್ಲಿ "ಕಿಲೋಮೀಟರಿಗೆಷ್ಟು?" ಅಂತ ಶುರು ಮಾಡಬೇಡಿ. "ದಿನ ಅಂದರೆ ಕ್ಯಾಲೆಂಡರ್ ದಿನವೋ 24 ಗಂಟೆಯೋ? ಮಿನಿಮಮ್ 250ಓ 300ಓ? ಮೀಟರ್ ಶುರು ನಮ್ಮ ಮನೆಯಿಂದಲೋ ನಿಮ್ಮ ಗ್ಯಾರೇಜಿನಿಂದಲೋ?" ಅಂತ ಕೇಳಿ. ಈ ಮೂರು ಕೇಳಿದವರ ಹತ್ತಿರ ನಾವು ಮಾತು ಕಮ್ಮಿ ಆಡುತ್ತಿದ್ದೆವು. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಗಾಡಿ ಬಂದ ತಕ್ಷಣ ಮೀಟರಿನ ಫೋಟೊ ತೆಗೆಯಿರಿ.

ಇನ್ನೊಂದು ದಾರಿ ಇದೆ, ಅಮ್ಮ ಒಪ್ಪಿದರೆ. ರಾತ್ರಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಧರ್ಮಸ್ಥಳಕ್ಕೆ ಹೋಗಿ, ಅಲ್ಲಿ ಲೋಕಲ್ ಕಾರು ಹಿಡಿಯುವುದು. ರೈಲಾದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನು ನೆಟ್ಟಣದಲ್ಲಿದೆ, ಕುಕ್ಕೆ ಅಲ್ಲಿಂದ ಹನ್ನೆರಡು ಕಿ.ಮೀ. ಹಗಲು ರೈಲಾದರೆ ಸಕಲೇಶಪುರ ದಾಟಿದ ಮೇಲೆ ಘಾಟಿಯ ಸುರಂಗಗಳನ್ನು ಎಣಿಸಿಕೊಂಡೇ ಹೋಗಬಹುದು. ನೀವು ದೇವಸ್ಥಾನದೊಳಗಿರುವಾಗ ಬೆಂಗಳೂರಿನ ಕಾರು ಪಾರ್ಕಿಂಗಿನಲ್ಲಿ ನಿಂತು ಬಾಡಿಗೆ ತಿನ್ನುವುದು ಆಗ ತಪ್ಪುತ್ತದೆ.

ಒಂದೇ ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಬಾಟಾದಲ್ಲಿ ಚೌಕಾಸಿ ಬೇಡ. ರಾತ್ರಿ ಮಲಗುವುದಕ್ಕೆ ಡ್ರೈವರಿಗೆ ಎಲ್ಲಿ ಜಾಗ ಅಂತ ಮೊದಲೇ ಕೇಳಿ. ಸೀಟು ಹಿಂದಕ್ಕೆ ಮಡಚಿ ಸೊಳ್ಳೆ ಕಚ್ಚಿಸಿಕೊಂಡು ಮಲಗಿ, ಮಾರನೆಯ ದಿನ ಶಿರಾಡಿ ಘಾಟಿಯಲ್ಲಿ ಕಣ್ಣು ಎಳೆಯುತ್ತಿದ್ದರೂ ಗಾಡಿ ಓಡಿಸಿದ್ದೇನೆ. ಹಿಂದಿನ ಸೀಟಿನವರಿಗೆ ಅದು ಗೊತ್ತೇ ಆಗಲಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು ಗೋವಾಕ್ಕೆ ಹೋಗಿದ್ದೆವು. ವಾಪಸ್ ಕೊಟ್ಟಾಗ ಬಂಪರಿನಲ್ಲಿ ಗೀರಿದೆ ಎಂದು 5,000 ಡಿಪಾಸಿಟ್ಟಿನಲ್ಲಿ 3,500 ಹಿಡಿದುಕೊಂಡರು. ಆ ಗೀರು ನಮ್ಮದಲ್ಲ.
– ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಗಾಡಿ ಕೊಡುವಾಗ ತೊಳೆದು ಒದ್ದೆಯಲ್ಲೇ ಕೊಟ್ಟಿದ್ದರಾ? ಒದ್ದೆ ಬಣ್ಣದ ಮೇಲೆ ಗೀರು ಕಾಣಿಸುವುದಿಲ್ಲ. ಬಟ್ಟೆ ಕೇಳಿ ಒರೆಸಿಕೊಂಡು ನೋಡಬೇಕು. ಸುತ್ತ ಒಂದು ವೀಡಿಯೊ ಮಾಡು, ಬಂಪರಿನ ಅಡಿ, ನಾಲ್ಕೂ ಚಕ್ರದ ರಿಮ್ಮು, ಸ್ಟೆಪ್ನಿ, ಇಂಧನದ ಮುಳ್ಳು ಎಲ್ಲಾ ಬರಲಿ. ಅವರ ಎದುರಿಗೇ ಅವರ ನಂಬರಿಗೇ ಕಳಿಸು. ನಿನ್ನ ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ "ಯಾವಾಗ ತೆಗೆದಿದ್ದೋ" ಅಂತಾರೆ. ವಾಪಸ್ ಕೊಡುವಾಗಲೂ ಹಗಲಿನಲ್ಲೇ ಕೊಡು, ಇನ್ನೊಂದು ವೀಡಿಯೊ.

ದಿನಕ್ಕೆ ಎಷ್ಟು ಕಿ.ಮೀ. ಫ್ರೀ, ತಡವಾದರೆ ಗಂಟೆಗೆಷ್ಟು, ರಾಜ್ಯ ದಾಟಬಹುದಾ, ಫಾಸ್ಟ್ಯಾಗಿನಲ್ಲಿ ದುಡ್ಡು ಯಾರದು ಅನ್ನುವುದನ್ನು ಮುಂಗಡ ಕೊಡುವ ಮುಂಚೆ ಕೇಳಬೇಕಿತ್ತು. ಮುಂದಿನ ಸಲ ಗೋವಾಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಘಾಟಿಯ ಡೀಸೆಲ್ಲೂ ಉಳಿಯುತ್ತದೆ. ನಂಬರ್ ಪ್ಲೇಟು ಮಾತ್ರ ನೋಡಿಕೊ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಹಲಗೆ, ಹಳದಿ ಅಕ್ಷರ ಇರಬೇಕು.

ಪ್ರಶ್ನೆ: ಪಕ್ಕದ ಬೀದಿಯವರು ತಮ್ಮ ಸ್ವಂತ ಕಾರನ್ನು ಕಿಲೋಮೀಟರಿಗೆ 9 ರೂಪಾಯಿಗೆ ಕೊಡುತ್ತೇನೆ ಅನ್ನುತ್ತಾರೆ. ತೆಗೆದುಕೊಳ್ಳಬಹುದಾ?
– ಗೃಹಿಣಿ, ತುಮಕೂರು

ಉತ್ತರ: ಬೇಡಮ್ಮಾ. ವೈಟ್ ಬೋರ್ಡ್ ಗಾಡಿಗೆ ಬಾಡಿಗೆಯ ಪರ್ಮಿಟ್ ಇರುವುದಿಲ್ಲ. ಇನ್ಶೂರೆನ್ಸೂ ಸ್ವಂತ ಬಳಕೆಗೆ ಮಾಡಿಸಿದ್ದು. ಏನಾದರೂ ಆದರೆ ಬಾಡಿಗೆಗೆ ಓಡುತ್ತಿತ್ತು ಅಂತ ಕ್ಲೈಮಿಗೆ ತಕರಾರು ತೆಗೆಯುತ್ತಾರೆ. ಆರ್‌ಟಿಒದವರು ದಾರಿಯಲ್ಲಿ ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ, ನೀವು ಚೀಲ, ಮಕ್ಕಳ ಸಮೇತ ಬಸ್ಸಿಗೆ ಕೈ ಮಾಡಬೇಕಾಗುತ್ತದೆ. ದುಡ್ಡು ಇಸಕೊಳ್ಳದೆ ಕೊಡುತ್ತಾರಾ ಕೇಳಿ, ಆಗ ಅದು ಬಾಡಿಗೆ ಅಲ್ಲ. ವಾಪಸ್ ಕೊಡುವಾಗ ಟ್ಯಾಂಕ್ ತುಂಬಿಸಿ ಕೊಟ್ಟರಾಯಿತು.