ಸಹಿಯೂ ಇಲ್ಲದ ಹಾಳೆಗಳನ್ನು ಡಾಕ್ಟರು ಯಾಕೆ ಕೂಡಿಟ್ಟರು?

ಪ್ರಶ್ನೆ: ಮೊಡಿಗ್ಲಿಯಾನಿ ಅಂದರೆ ಉದ್ದ ಕತ್ತಿನ ಹೆಂಗಸರ ಪೇಂಟಿಂಗ್ ಅಂತಷ್ಟೇ ಗೊತ್ತಿತ್ತು. ಅವನ ನೂರಾರು ರೇಖಾಚಿತ್ರಗಳನ್ನು ಒಬ್ಬ ಡಾಕ್ಟರು ಮನೆಯಲ್ಲೇ ಇಟ್ಟುಕೊಂಡಿದ್ದರಂತೆ. ಕೆಲವನ್ನು ನೋಡಿದೆ, ಎಷ್ಟೋ ಹಾಳೆಗಳಲ್ಲಿ ಇರೋದು ನಾಲ್ಕೇ ಗೆರೆ, ಸಹಿಯೂ ಇಲ್ಲ. ಅವುಗಳಲ್ಲಿ ಅಂಥದ್ದೇನಿದೆ?
- ಓದುಗರು, ಧಾರವಾಡ

ಉತ್ತರ: ಆ ಡಾಕ್ಟರು ಪಾಲ್ ಅಲೆಕ್ಸಾಂಡರ್. 1907ರಲ್ಲಿ ಪ್ಯಾರಿಸ್‌ನಲ್ಲಿ ಇಬ್ಬರಿಗೂ ಪರಿಚಯವಾಯಿತು. ಡಾಕ್ಟರಿಗೂ ಆಗಿನ್ನೂ ಚಿಕ್ಕ ವಯಸ್ಸು, ದೊಡ್ಡ ಸಾಹುಕಾರರೇನಲ್ಲ. ಆದರೂ ಪ್ಯಾರಿಸ್‌ನ ಮೋನ್‌ಮಾರ್ತ್ರ್ ಬಡಾವಣೆಯಲ್ಲಿ ಒಂದು ಹಳೇ ಮನೆ ಹಿಡಿದು, ಕೈಯಲ್ಲಿ ಕಾಸಿಲ್ಲದ ಕಲಾವಿದರಿಗೆ ಬಿಟ್ಟುಕೊಟ್ಟಿದ್ದರು. ಮೊಡಿಗ್ಲಿಯಾನಿಗೆ ತನ್ನ ಕೆಲಸ ಹಿಡಿಸದಿದ್ದರೆ ಹಾಳುಮಾಡುವ ಅಭ್ಯಾಸವಿತ್ತು. ಒಂದು ಹಾಳೆಯನ್ನೂ ಹರಿಯಬೇಡ ಅಂತ ಡಾಕ್ಟರು ಬೇಡಿಕೊಂಡರು, ತಮ್ಮ ಕೈಲಾದಷ್ಟು ದುಡ್ಡು ಕೊಟ್ಟು ಕೊಂಡರು. ಹೀಗೆ 1914ರ ಹೊತ್ತಿಗೆ 400ಕ್ಕೂ ಜಾಸ್ತಿ ಹಾಳೆಗಳು ಸೇರಿದವು. ಆಮೇಲೆ ಮೊದಲ ಮಹಾಯುದ್ಧ ಶುರುವಾಯಿತು, ಡಾಕ್ಟರಿಗೆ ಸೈನ್ಯದಿಂದ ಕರೆ ಬಂತು. ಮತ್ತೆ ಅವರಿಬ್ಬರ ಭೇಟಿ ಆಗಲೇ ಇಲ್ಲ. 1920ರಲ್ಲಿ ಮೊಡಿಗ್ಲಿಯಾನಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಬರೀ 35 ವರ್ಷ.

ನೀವು ಹೇಳುವ ಆ ನಾಲ್ಕು ಗೆರೆಗೇ ಬರೋಣ. ಆ ವರ್ಷಗಳಲ್ಲಿ ಅವನಿಗೆ ಹುಚ್ಚು ಇದ್ದದ್ದು ಶಿಲ್ಪದ್ದು. ಶಿಲ್ಪಿ ಬ್ರಾಂಕುಸಿಯನ್ನು ಅವನಿಗೆ ಪರಿಚಯ ಮಾಡಿಸಿದ್ದೂ ಇದೇ ಡಾಕ್ಟರು. ಕೈಯೆತ್ತಿ ತಲೆಯ ಮೇಲೆ ಭಾರ ಹೊತ್ತು, ಕಂಬದ ಜಾಗದಲ್ಲಿ ನಿಂತ ಅಥವಾ ಮಂಡಿಯೂರಿದ ಹೆಣ್ಣು, ಕ್ಯಾರಿಯಾಟಿಡ್ ಅಂತಾರಲ್ಲ, ಅದನ್ನೇ ಪೆನ್ಸಿಲ್‌ನಲ್ಲಿ, ನೀಲಿ ಕ್ರೇಯಾನ್‌ನಲ್ಲಿ, ಇಂಕಿನಲ್ಲಿ ಮತ್ತೆ ಮತ್ತೆ ಬರೆದಿದ್ದಾನೆ. ಒಂದು ಹಾಳೆಯಲ್ಲಿ ತೋಳು ಇನ್ನೂ ತೋಳಿನ ಹಾಗಿದೆ, ಇನ್ನೊಂದರಲ್ಲಿ ಅದು ಭುಜದಿಂದ ತಲೆಯವರೆಗೆ ಒಂದೇ ಎಳೆತದ ಕಮಾನು. ಕಲ್ಲಿನಲ್ಲಿ ಇವತ್ತು ಉಳಿದಿರೋದು ಸುಮಾರು 25 ಶಿಲ್ಪ ಮಾತ್ರ, ಹೆಚ್ಚಿನವು ಬರೀ ತಲೆಗಳು. ಅವನು ಕೆತ್ತಬೇಕು ಅಂದುಕೊಂಡಿದ್ದೆಲ್ಲ ಈ ಕಾಗದದ ಮೇಲೇ ಇದೆ. ಆ ಉದ್ದ ಕತ್ತು, ಬಾದಾಮಿ ಕಣ್ಣು ಎಲ್ಲಿಂದ ಬಂದವು ಅನ್ನೋದೂ ಇಲ್ಲೇ ಗೊತ್ತಾಗುತ್ತೆ.

ರಷ್ಯಾದ ಕವಯಿತ್ರಿ ಅನ್ನಾ ಅಖ್ಮತೋವಾ ಗೊತ್ತಲ್ವಾ? ಮೊಡಿಗ್ಲಿಯಾನಿ ತನಗೆ 16 ಚಿತ್ರ ಕೊಟ್ಟಿದ್ದ ಅಂತ ಅವರು ಬರೆದಿದ್ದಾರೆ. ಕೊನೆಗೆ ಅವರ ಹತ್ತಿರ ಉಳಿದದ್ದು ಒಂದೇ. ಡಾಕ್ಟರ ಕಟ್ಟು 1993ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಕ್ಕೆ ಬಂದಾಗ, ಅದರಲ್ಲಿ ಅಖ್ಮತೋವಾ ಅವರದೇ ರೂಪ ಅಂತ ತಿಳಿದವರು ಗುರುತಿಸಿದ ಚಿತ್ರಗಳು ಸಿಕ್ಕವು!

ಅಷ್ಟು ವರ್ಷ ಮನೆಯಲ್ಲೇ ಇಟ್ಟುಕೊಂಡದ್ದು ಸ್ವಾರ್ಥ ಅಂತ ಕೆಲವರಿಗೆ ಅನ್ನಿಸಬಹುದು. ನನಗಂತೂ ಹಾಗನ್ನಿಸಲ್ಲ. ಬಿಡಿ ಬಿಡಿಯಾಗಿ ಮಾರಿದ್ದರೆ ಒಂದೇ ಭಂಗಿ ಹಾಳೆಯಿಂದ ಹಾಳೆಗೆ ಬದಲಾಗಿದ್ದನ್ನು ಯಾರು ತಾನೇ ನೋಡ್ತಿದ್ದರು? ಇನ್ನೊಂದು ವಿಷಯ, ಮೊಡಿಗ್ಲಿಯಾನಿ ಹೆಸರಲ್ಲಿ ನಕಲಿಗಳ ಕಾಟ ವಿಪರೀತ. 1984ರಲ್ಲಿ ಅವನ ಹುಟ್ಟೂರು, ಇಟಲಿಯ ಲಿವೊರ್ನೊದ ಕಾಲುವೆಯಲ್ಲಿ ಕಲ್ಲಿನ ತಲೆಗಳು ಸಿಕ್ಕಾಗ ಪಂಡಿತರೇ ಕೊಂಡಾಡಿದ್ದರು. ಆಮೇಲೆ ನೋಡಿದರೆ ಅದರಲ್ಲೊಂದನ್ನು ವಿದ್ಯಾರ್ಥಿಗಳು ಡ್ರಿಲ್ಲಿಂಗ್ ಮಷೀನಿನಿಂದ ಕೊರೆದಿದ್ದರು. ಡಾಕ್ಟರ ಹಾಳೆಗಳು ಕಲಾವಿದನ ಕೈಯಿಂದ ನೇರ ಅವರ ಕೈಗೆ ಬಂದವು. ಮುಂದಿನ ಸಲ ನೋಡುವಾಗ ಸಹಿ ಹುಡುಕಬೇಡಿ, ಅವರ ಸಂಗ್ರಹದ ಪುಟ್ಟ ಮುದ್ರೆ ಹುಡುಕಿ.